ಒಂಬತ್ತನೇ ತರಗತಿಗೆ ಇಂಟರ್ನೆಟ್ ಪಾಠ: ಮೊದಲ ಮಾತು ಏನಾಗಿರಬೇಕು?

ಭೀಮಾತೀರದ ಶಿಕ್ಷಕಿ, ಯಾದಗಿರಿ ಜಿಲ್ಲೆ

ಎಲ್ಲರಿಗೂ ಶರಣು. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬರುವ ಶನಿವಾರದ ಕೊನೆಯ ಅವಧಿಯನ್ನು ಮುಖ್ಯಗುರುಗಳು ನನ್ನ ತಲೆಗೆ ಕಟ್ಟಿದ್ದಾರೆ. "ಇಂಟರ್ನೆಟ್ ಸುರಕ್ಷತೆಯ ಬಗ್ಗೆ ಒಂಬತ್ತನೆಯವರಿಗೆ ನಾಲ್ಕು ಮಾತು ಹೇಳಿಬಿಡಿ ಮೇಡಂ" ಎಂದರು. ಆ ನಾಲ್ಕು ಮಾತು ನನಗೂ ಗೊತ್ತು. ಪಾಸ್‌ವರ್ಡ್ ಕೊಡಬೇಡಿ, ಒಟಿಪಿ ಹೇಳಬೇಡಿ, ಗುರುತಿಲ್ಲದವರ ಜೊತೆ ಮಾತಾಡಬೇಡಿ, ಓದಿನ ಕಡೆ ಗಮನ ಕೊಡಿ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗಂಟೆ ಹೊಡೆಯುತ್ತದೆ, ಮಕ್ಕಳು ಮನೆಗೆ ಹೋಗಿ ಅದೇ ಫೋನ್ ಹಿಡಿಯುತ್ತಾರೆ.

ಶಾಲೆಯ ಕಂಪ್ಯೂಟರ್ ಕೋಣೆಯನ್ನು ನಂಬಿ ಪಾಠ ಮಾಡುವಂತಿಲ್ಲ. ಯುಪಿಎಸ್ ಕೆಟ್ಟು ಎರಡು ವರ್ಷವಾಯಿತು, ಕೀಬೋರ್ಡುಗಳು ಬಟ್ಟೆ ಹೊದ್ದು ಮಲಗಿವೆ. ಅಷ್ಟಕ್ಕೂ ನಮ್ಮ ಮಕ್ಕಳ ಇಂಟರ್ನೆಟ್ ಆ ಕೋಣೆಯಲ್ಲಿಲ್ಲ. ಅಜ್ಜಿಯ ಹತ್ತಿರ ಬಿಟ್ಟುಹೋದ ಫೋನಿನಲ್ಲಿದೆ. ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾರೆ. ಸಂಜೆ ಮಕ್ಕಳ ಮುಖ ನೋಡಲೆಂದು ಮನೆಯಲ್ಲಿ ಒಂದು ಫೋನ್ ಇಟ್ಟಿರುತ್ತಾರೆ. ಅಜ್ಜಿಗೆ ಗೊತ್ತಿರುವುದು ಹಸಿರು ಗುಂಡಿ ಒಂದೇ. ಉಳಿದಂತೆ ಆ ಮನೆಯ ಬ್ಯಾಂಕು, ರೇಷನ್, ವಿದ್ಯಾರ್ಥಿವೇತನ, ಗ್ಯಾಸ್ ಬುಕಿಂಗ್ ಎಲ್ಲವನ್ನೂ ನಡೆಸುವುದು ಒಂಬತ್ತನೇ ತರಗತಿಯ ಹುಡುಗಿ.

ಕಳೆದ ವರ್ಷ ಅಂಥ ಒಬ್ಬ ಹುಡುಗಿ ಮೂರು ವಾರ ಶಾಲೆಗೆ ಬರಲಿಲ್ಲ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಜ್ವರ ಎಂದಳು. ಆಗಿದ್ದು ಬೇರೆ. ಶಾಲೆಯ ಕಾರ್ಯಕ್ರಮದಲ್ಲಿ ಸೀರೆ ಉಟ್ಟ ಫೋಟೊ ಸ್ಟೇಟಸ್‌ಗೆ ಹಾಕಿದ್ದಳು. ಯಾರೋ ಅದರ ಮುಖ ತೆಗೆದು ಬೇರೊಂದು ದೇಹಕ್ಕೆ ಅಂಟಿಸಿ ಅವಳಿಗೇ ಕಳುಹಿಸಿ ಹಣ ಕೇಳಿದ್ದ. ಅಜ್ಜಿಯ ಪಿಂಚಣಿ ಹಣದಲ್ಲಿ ಮುನ್ನೂರು, ಐನೂರು ಎಂದು ಕೊಡುತ್ತಾ ಹೋಗಿದ್ದಳು. ಮೊದಲ ದಿನವೇ ನನಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ದರೆ ಶಾಲೆ ಬಿಡಿಸುತ್ತಿದ್ದರು ಮೇಡಂ" ಎಂದಳು.

ಪಾಸ್‌ವರ್ಡ್ ಪಾಠದಲ್ಲಿ ಈ ಮಾತಿಗೆ ಉತ್ತರ ಇಲ್ಲ. ಶನಿವಾರ ಮೊದಲ ಮಾತಾಗಿ ಏನು ಹೇಳಲಿ?

ತೊಗರಿ ಹೊಲ, ಸೇಡಂ

ಮೇಡಂ, ಸಿಟ್ಟಾಗಬೇಡಿ, ನಾನು ಹೆಚ್ಚು ಓದಿದವನಲ್ಲ. ನನ್ನ ಮಗನೂ ಒಂಬತ್ತನೇ ತರಗತಿ. ತೊಗರಿ ರಾಶಿ ಮಾಡಿ, ಗಂಜ್‌ಗೆ ಒಯ್ದು ಮಾರಿ ಬಂದ ಹಣ ಖಾತೆಯಲ್ಲಿತ್ತು. ಗುಂಡು ಹಾರಿಸುವ ಆಟದಲ್ಲಿ ಬಟ್ಟೆ, ಬಂದೂಕು ಕೊಳ್ಳುತ್ತೇನೆಂದು ನಾಲ್ಕು ಸಾವಿರದ ಇನ್ನೂರು ರೂಪಾಯಿ ತೆಗೆದಿದ್ದಾನೆ. ಯುಪಿಐ ಪಿನ್ ಹೇಗೆ ಗೊತ್ತಾಯಿತೋ ಎಂದರೆ, ಹಾಕಿ ಕೊಟ್ಟವನೇ ಅವನು. ನನ್ನ ತಪ್ಪು, ಒಪ್ಪುತ್ತೇನೆ. ಈಗ ಅವನ ಫೋನನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೀಲಿ ಜಡಿದಿದ್ದೇನೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯೇ ಇಲ್ಲವಂತೆ. ಅಷ್ಟು ಮುಂದುವರಿದ ದೇಶವೇ ಹಾಗೆ ಮಾಡಿರುವಾಗ ನಾವು ಏಕೆ ಪಾಠ ಮಾಡುತ್ತಾ ಕೂರಬೇಕು? ಮುಳ್ಳಿನ ಬೇಲಿ ಹಾಕಿದರೆ ದನ ಬರುವುದಿಲ್ಲ, ಅಷ್ಟೇ.

ಕೊನೆಯ ಬೆಂಚು, ಕಲಬುರಗಿ

ಕಾಕಾ, ನಾನು ಪಿಯುಸಿ ಎರಡನೇ ವರ್ಷ. ಹೈಸ್ಕೂಲಿನ ಮೂರು ವರ್ಷ ವಸತಿ ಶಾಲೆಯಲ್ಲಿದ್ದೆ. ಅಲ್ಲಿ ಫೋನ್ ನಿಷಿದ್ಧ. ಎಂಟು ಜನರಿಗೆ ಒಂದು ಫೋನ್ ಇತ್ತು, ಅಕ್ಕಿ ಡಬ್ಬಿಯಲ್ಲಿ. ಎಂಟೂ ಜನರ ಖಾತೆ ಅದರಲ್ಲೇ ತೆರೆದಿರುತ್ತಿತ್ತು. ಒಬ್ಬನ ಸಂದೇಶ ಇನ್ನೊಬ್ಬ ಓದುತ್ತಿದ್ದ, ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಹುಡುಗಿಗೆ ಏನೋ ಬರೆದು ಪರಾರಿ. ಪೆಟ್ಟಿಗೆಗೆ ಕೀಲಿ ಹಾಕಿದ್ದೀರಿ, ಆದರೆ ನಿಮ್ಮ ಮಗ ಗೆಳೆಯನ ಫೋನಿನಲ್ಲಿ ಇರುತ್ತಾನೆ. ಅಲ್ಲಿ ಅವನ ಪಾಸ್‌ವರ್ಡ್ ಉಳಿದುಬಿಡುತ್ತದೆ.

ಮೇಡಂ, ಇನ್ನೊಂದು ಮಾತು. ಖಾತೆಯ ಲೆಕ್ಕದಲ್ಲಿ ನಮ್ಮ ತರಗತಿಯಲ್ಲಿ ಎಲ್ಲರೂ 2000ನೇ ಇಸವಿಯಲ್ಲಿ ಹುಟ್ಟಿದವರು! ಇನ್‌ಸ್ಟಾಗ್ರಾಂಗೆ 13 ವರ್ಷ ಆಗಿದ್ದರೆ ಸಾಕು, ಆದರೂ ಎಲ್ಲರೂ ದೊಡ್ಡವರೆಂದು ತೋರುವ ಹಳೆಯ ಇಸವಿಯನ್ನೇ ಒತ್ತುತ್ತಾರೆ. ಹದಿಹರೆಯದವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಗುರುತಿಲ್ಲದವರು ಸಂದೇಶ ಕಳುಹಿಸಲಾಗುವುದಿಲ್ಲ ಎಂಬುದು ನನಗೆ ಗೊತ್ತಾಗಿದ್ದು ಈ ವರ್ಷ. ವಯಸ್ಸು ಸುಳ್ಳು ಹೇಳಿದವರಿಗೆ ಆ ಬಾಗಿಲು ಇರುವುದಿಲ್ಲ. ಇದನ್ನು ಯಾವ ಶಿಕ್ಷಕರೂ ಹೇಳಿರಲಿಲ್ಲ. ಎಲ್ಲರೂ "ಖಾತೆ ತೆರೆಯಬೇಡಿ" ಎಂದೇ ನಿಲ್ಲಿಸುತ್ತಿದ್ದರು.

ಚಾಕ್‌ಪೀಸು, ಚಿಂಚೋಳಿ

ಸಹೋದ್ಯೋಗಿಯಾಗಿ ಒಂದು ಕಹಿ ಪ್ರಶ್ನೆ: ಅವಧಿ ಎಲ್ಲಿದೆ? 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಯಾದಗಿರಿ ಕೊನೆಯ ಸ್ಥಾನ, 2025ರಲ್ಲಿ ನಮ್ಮ ಕಲಬುರಗಿ ಕೊನೆಯ ಸ್ಥಾನ. ಅಂದಿನಿಂದ ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಅದರ ಫೋಟೊ ತೆಗೆದು ಗುಂಪಿಗೆ ಕಳುಹಿಸುವ ಕೆಲಸ ಬೇರೆ. ಶನಿವಾರದ ಆ ಕೊನೆಯ ಅವಧಿಯನ್ನೂ ಗಣಿತದವರು ಕೇಳುತ್ತಾರೆ, ನೋಡುತ್ತಿರಿ. ಬಿಟ್ಟುಕೊಡಬೇಡಿ.

ಜೆರಾಕ್ಸ್ ಅಂಗಡಿ, ಭಾಲ್ಕಿ

ಶಿಕ್ಷಕರೆಲ್ಲ ದೊಡ್ಡ ದೊಡ್ಡ ಅಪಾಯ ಹೇಳುತ್ತಿದ್ದೀರಿ. ನಾನು ಕೌಂಟರಿನ ಈಚೆ ಕೂತು ಹನ್ನೊಂದು ವರ್ಷದಿಂದ ನೋಡುತ್ತಿರುವ ಸಣ್ಣ ಅಪಾಯ ಹೇಳುತ್ತೇನೆ.

ವಿದ್ಯಾರ್ಥಿವೇತನದ ಅರ್ಜಿ ಕಾಲ ಬಂದರೆ ಅಂಗಡಿ ಮುಂದೆ ಜಾತ್ರೆ. ಮಕ್ಕಳು ಬಂದು ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪುಸ್ತಕದ ಮೊದಲ ಪುಟ ಎಲ್ಲವನ್ನೂ ನನ್ನ ವಾಟ್ಸ್ಆ್ಯಪ್‌ಗೆ ಹಾಕುತ್ತಾರೆ. ಪ್ರಿಂಟ್ ತೆಗೆದುಕೊಂಡು ಹೋಗುತ್ತಾರೆ. ಫೈಲ್ ನನ್ನ ಕಂಪ್ಯೂಟರಿನಲ್ಲೇ ಇರುತ್ತದೆ. ನಾನು ರಾತ್ರಿ ಅಂಗಡಿ ಮುಚ್ಚುವಾಗ ಅಳಿಸುತ್ತೇನೆ. ಎಲ್ಲರೂ ಅಳಿಸುತ್ತಾರೆಯೇ? ಕೆಲವರು ತಮ್ಮ ವಾಟ್ಸ್ಆ್ಯಪ್ಪನ್ನೇ ಅಂಗಡಿಯ ಕಂಪ್ಯೂಟರಿಗೆ ಜೋಡಿಸಿ, ಹಾಗೇ ಬಿಟ್ಟು ಬಸ್ ಹತ್ತುತ್ತಾರೆ. ಒಮ್ಮೆ ಒಬ್ಬ ಹುಡುಗನ ಮನೆಯವರ ಜಗಳವೆಲ್ಲ ನನ್ನ ಪರದೆಯ ಮೇಲೆ ಟಣ್ ಟಣ್ ಎಂದು ಬೀಳುತ್ತಿತ್ತು, ಗಿರಾಕಿಗಳು ನಿಂತು ಓದುತ್ತಿದ್ದರು. ಫೋನಿನಲ್ಲಿ "ಜೋಡಿಸಿದ ಸಾಧನಗಳು" ಎಂಬಲ್ಲಿ ಹೋಗಿ ಹೊರಬರುವುದನ್ನು ಮಾತ್ರ ಕಲಿಸಿದರೂ ನಿಮಗೆ ಪುಣ್ಯ.

ಆಧಾರ್‌ನ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಸಿಗುತ್ತದೆ, ಎಷ್ಟೋ ಕಡೆ ಅದು ಸಾಕು. ಇದು ಇಲ್ಲಿ ಯಾರಿಗೂ ಗೊತ್ತಿಲ್ಲ. ಹಾಗೆಯೇ "ನಿಮ್ಮ ವಿದ್ಯಾರ್ಥಿವೇತನ ಮಂಜೂರಾಗಿದೆ, ಒಟಿಪಿ ಹೇಳಿ" ಎಂಬ ಕರೆ. ಮಕ್ಕಳು ಹೇಳಿಬಿಡುತ್ತಾರೆ, ಏಕೆಂದರೆ ಅರ್ಜಿ ಹಾಕಿರುವುದು ನಿಜ, ಹಣಕ್ಕೆ ಕಾಯುತ್ತಿರುವುದೂ ನಿಜ. ಹಣ ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತಿದರೆ ಹಣ ಹೋಗುವುದು ಎಂಬುದನ್ನು ಬೋರ್ಡಿನ ಮೇಲೆ ಬರೆಯಿರಿ. ಮದುವೆ ಸುಗ್ಗಿಯಲ್ಲಿ ಲಗ್ನಪತ್ರಿಕೆಯ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನೂ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಸೇರಿಸಿ. ಲಗ್ನಪತ್ರಿಕೆ ಓದಲು ಯಾವ ಆ್ಯಪನ್ನೂ ಹಾಕಿಕೊಳ್ಳಬೇಕಾಗಿಲ್ಲ. ನಮ್ಮ ಓಣಿಯಲ್ಲೇ ಒಬ್ಬರು ಒತ್ತಿದರು. ಅವರ ಫೋನ್ ತಾನೇ ಎಲ್ಲರಿಗೂ ಲಗ್ನಕ್ಕೆ ಕರೆಯತೊಡಗಿತು.

ನಿವೃತ್ತ ಮಾಸ್ತರ, ಔರಾದ

ಮೇಲಿನವರು ಹಣದ ಮಾತು ಹೇಳಿದರು, ಒಳ್ಳೆಯದು. ಆದರೆ ನಮ್ಮ ಬೀದರ್ ಜಿಲ್ಲೆಯ ಮಕ್ಕಳಿಗೆ ಮುರ್ಕಿಯ ಪಾಠ ಹೇಳದೆ ಯಾವ ಇಂಟರ್ನೆಟ್ ಪಾಠವೂ ಪೂರ್ತಿಯಲ್ಲ.

2018ರ ಜುಲೈ 13. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಆಗ ಊರೂರಿನಲ್ಲಿ ಮಕ್ಕಳ ಕಳ್ಳರ ವಿಡಿಯೊಗಳು ಹರಿದಾಡುತ್ತಿದ್ದ ಕಾಲ. ಕೆಲವರಿಗೆ ಅನುಮಾನ ಬಂತು, ಮಾತಿಗೆ ಮಾತು ಬೆಳೆಯಿತು, ಅವರು ಕಾರು ಹತ್ತಿ ಹೊರಟರು. ಕಾರಿಗಿಂತ ಮುಂಚೆ ಸಂದೇಶ ಮುಂದಿನ ಊರು ಮುಟ್ಟಿತು. ಮುರ್ಕಿಯಲ್ಲಿ ರಸ್ತೆ ಅಡ್ಡಗಟ್ಟಿದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಸಂದೇಶ ಹಬ್ಬಿಸಿದ ಗುಂಪಿನ ಅಡ್ಮಿನ್ ಸಹ ಬಂಧಿತನಾದ. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವಂತೆ ಕಟ್ಟು ಹಾಕುವುದಾಗಿ ಹೇಳಿತು.

ಈಗಿನ ಒಂಬತ್ತನೇ ತರಗತಿಯವರು ಆಗಿನ್ನೂ ಚಿಕ್ಕವರು, ಅವರಿಗೆ ನೆನಪಿಲ್ಲ. ಎಂಟನೆಯವರಿಗೆ ನಾನು ಒಮ್ಮೆ ಇದನ್ನು ಹೇಳಿ, "ಆ ದಿನ ನಿಮ್ಮ ಫೋನಿಗೆ ಆ ವಿಡಿಯೊ ಬಂದಿದ್ದರೆ?" ಎಂದು ಕೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, "ಕಳುಹಿಸುತ್ತಿದ್ದೆ ಸರ್, ತಮ್ಮ ಹೊರಗೆ ಆಡುತ್ತಿದ್ದನಲ್ಲ" ಎಂದಳು. ಪ್ರಾಮಾಣಿಕ ಉತ್ತರ. ಕೆಟ್ಟವರು ಮಾತ್ರ ಸುಳ್ಳು ಹಬ್ಬಿಸುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ. ತಮ್ಮನ ಮೇಲಿನ ಪ್ರೀತಿಯಿಂದಲೂ ಹಬ್ಬಿಸುತ್ತಾರೆ.

ಇಬ್ಬರು ಮಕ್ಕಳ ಅಮ್ಮಿ, ಕಲಬುರಗಿ

ಮಾಸ್ತರರೇ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಮ್ಮ ಮನೆಯಲ್ಲಿ ಆ ವಾರ ಯಾರೂ ಊರಾಚೆ ಹೋಗಲಿಲ್ಲ.

ನನ್ನ ಮಗಳು ಉರ್ದು ಮಾಧ್ಯಮ. ಸೈಬರ್ ಜಾಗೃತಿಯ ಪೋಸ್ಟರ್ ಶಾಲೆಗೆ ಬಂದರೆ ಇಂಗ್ಲಿಷಿನಲ್ಲಿ, ಇಲ್ಲವೇ ಕನ್ನಡದಲ್ಲಿ. ಬೀದರ್ ಗಡಿಯಲ್ಲಿ ಮರಾಠಿ ಶಾಲೆಗಳಿವೆ, ಗುರುಮಠಕಲ್ ಕಡೆ ತೆಲುಗು ಮಾತಾಡುವವರಿದ್ದಾರೆ, ತಾಂಡಾಗಳಲ್ಲಿ ಲಂಬಾಣಿ. ಮೋಸ ಮಾಡುವವನು ಮಾತ್ರ ನಮ್ಮ ನಮ್ಮ ಭಾಷೆಯಲ್ಲೇ ಕರೆ ಮಾಡುತ್ತಾನೆ. ಮಕ್ಕಳಿಂದಲೇ ಪೋಸ್ಟರ್ ಬರೆಸಿ, ಮನೆಯ ಭಾಷೆಯಲ್ಲಿ. ಅಜ್ಜಿಗೆ ಓದಿ ಹೇಳುವವರು ಅವರೇ ತಾನೆ.

ಕರಿಕೋಟು, ಕಲಬುರಗಿ

ಶಿಕ್ಷಕಿಯ ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ವಕೀಲ, ಮಕ್ಕಳ ಪ್ರಕರಣಗಳನ್ನೂ ನೋಡುತ್ತೇನೆ.

ಆ ಹುಡುಗಿಗೆ ಆಗಿದ್ದು ಬರೀ ಹಣದ ಸುಲಿಗೆ ಅಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 11ನೇ ಕಲಂನಲ್ಲಿ, ಮಗುವಿನ ನಿಜವಾದ ಅಥವಾ ಕೃತಕವಾಗಿ ಸೃಷ್ಟಿಸಿದ ಅಂಥ ಚಿತ್ರ ಬಳಸುತ್ತೇನೆಂದು ಬೆದರಿಸುವುದೂ ಲೈಂಗಿಕ ಕಿರುಕುಳ. ಮುಖ ಮಾತ್ರ ಅವಳದು, ದೇಹ ಅವಳದಲ್ಲ ಎಂದು ಅಪರಾಧ ಸಣ್ಣದಾಗುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಪ್ರಕಾರ ಮಕ್ಕಳ ಅಶ್ಲೀಲ ಚಿತ್ರ ಮಾಡುವುದು, ಕಳುಹಿಸುವುದು, ಇಳಿಸಿಕೊಳ್ಳುವುದು ಎಲ್ಲವೂ ಅಪರಾಧ. ಮೊದಲ ಬಾರಿಗೆ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಆದ್ದರಿಂದ ಗಂಡು ಮಕ್ಕಳಿಗೆ ಇದನ್ನು ಖಂಡಿತ ಹೇಳಿ: "ನೋಡಿ ಎಂಥ ಅನ್ಯಾಯ" ಎಂದು ಗೆಳೆಯರಿಗೆ ಕಳುಹಿಸಿದರೂ ಕಳುಹಿಸಿದ್ದೇ. ಸಾಕ್ಷ್ಯಕ್ಕೆಂದು ನೀವೂ ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ ಮೇಡಂ. ಫೋನನ್ನು ಇದ್ದ ಹಾಗೆಯೇ ಇಡಿ, ಬೆದರಿಕೆ ಬಂದ ಖಾತೆಯ ಹೆಸರು, ದಿನಾಂಕ, ಹಣ ಹೋದ ವಿವರ ಕಾಗದದಲ್ಲಿ ಬರೆದುಕೊಳ್ಳಿ.

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಬೇಗ ಕರೆ ಮಾಡಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ಮಗುವಿಗೆ ನೆರವು ಬೇಕಾದರೆ 1098. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಚಿತ್ರ ಹಬ್ಬದಂತೆ ತಡೆಯಲು ಅಮೆರಿಕದ ಮಕ್ಕಳ ರಕ್ಷಣಾ ಕೇಂದ್ರವೊಂದು ನಡೆಸುವ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆ ಇದೆ. ಚಿತ್ರವನ್ನು ಎಲ್ಲಿಗೂ ಕಳುಹಿಸಬೇಕಾಗಿಲ್ಲ, ಫೋನಿನಲ್ಲೇ ಅದಕ್ಕೊಂದು ಸಂಕೇತ ಸಂಖ್ಯೆ ತಯಾರಾಗುತ್ತದೆ. ಸೇರಿಕೊಂಡಿರುವ ಜಾಲತಾಣಗಳು ಆ ಸಂಖ್ಯೆ ಹೊಂದುವ ಚಿತ್ರವನ್ನು ತೆಗೆಯುತ್ತವೆ. ಒಬ್ಬರಿಂದೊಬ್ಬರಿಗೆ ಗೂಢಲಿಪಿಯಲ್ಲಿ ಹೋಗುವ ಸಂದೇಶಗಳಲ್ಲಿ ಮಾತ್ರ ಇದು ನಡೆಯದು.

ಭೀಮಾತೀರದ ಶಿಕ್ಷಕಿ, ಯಾದಗಿರಿ ಜಿಲ್ಲೆ

ಎಲ್ಲರಿಗೂ ಧನ್ಯವಾದ. ಮೊದಲ ಮಾತು ಸಿಕ್ಕಿತು ಎನಿಸುತ್ತಿದೆ. ಶನಿವಾರ ಹೀಗೆ ಶುರು ಮಾಡುತ್ತೇನೆ: "ಏನೇ ಆಗಿರಲಿ, ನನಗೆ ಬಂದು ಹೇಳಿ. ನಾನು ಯಾರಿಗೂ ಹೇಳುವುದಿಲ್ಲ."

ಕರಿಕೋಟು, ಕಲಬುರಗಿ

ಮೇಡಂ, ನಿಲ್ಲಿ. ಆ ಎರಡನೇ ವಾಕ್ಯ ಹೇಳುವ ಹಕ್ಕು ನಿಮಗಿಲ್ಲ. ಪೋಕ್ಸೊ 19ನೇ ಕಲಂ ಪ್ರಕಾರ ಅಂಥ ಅಪರಾಧ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಲ್ಲಿ ಶಿಕ್ಷೆ ಇದೆ. ಮಗುವಿಗೆ ಮಾತು ಕೊಟ್ಟು ಮುರಿಯುವ ಸ್ಥಿತಿಗೆ ಬರುತ್ತೀರಿ.

ಕೊನೆಯ ಬೆಂಚು, ಕಲಬುರಗಿ

ಸರ್, ಹಾಗಿದ್ದರೆ ಯಾರೂ ಹೇಳುವುದಿಲ್ಲ. "ನೀನು ಹೇಳಿದರೆ ನಾನು ಪೊಲೀಸರಿಗೆ ಹೇಳುತ್ತೇನೆ" ಎಂದು ಮೊದಲೇ ಅಂದರೆ ಹುಡುಗಿಯರು ಬಾಯಿ ಹೊಲಿದುಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಮನೆ ಮುಂದೆ ಪೊಲೀಸ್ ಜೀಪು ನಿಂತರೆ ಆಮೇಲೆ ಆ ಮನೆಗೆ ಬರುವುದು ವರನ ಕಡೆಯವರು, ಹುಡುಗಿಯ ಮದುವೆ ಮಾಡಿ ಕಳುಹಿಸಿಬಿಡುತ್ತಾರೆ.

ಇಬ್ಬರು ಮಕ್ಕಳ ಅಮ್ಮಿ, ಕಲಬುರಗಿ

ಮಗು ಹೇಳಿದ್ದು ಸತ್ಯ. ಕಾನೂನು ಬರೆದವರಿಗೆ ಓಣಿ ಗೊತ್ತಿಲ್ಲ.

ಕರಿಕೋಟು, ಕಲಬುರಗಿ

ಓಣಿ ಗೊತ್ತಿದ್ದವರು ಬರೆದ ಕೆಲವು ಸಾಲುಗಳೂ ಅದರಲ್ಲಿವೆ ಅಕ್ಕಾ. 24ನೇ ಕಲಂ ನೋಡಿ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ. ಜೀಪು ಬೇಡ, ಖಾಕಿ ಬೇಡ ಎಂದು ಕೇಳುವುದು ಬೇಡಿಕೊಳ್ಳುವುದಲ್ಲ, ನಿಮ್ಮ ಹಕ್ಕು. ಎಲ್ಲ ಕಡೆ ಹಾಗೇ ನಡೆಯುತ್ತದೆ ಎಂದು ನಾನು ಹೇಳಲಾರೆ. ಕೇಳಿದರೆ ನಡೆಯುವುದನ್ನು ಕಂಡಿದ್ದೇನೆ.

ನಿವೃತ್ತ ಮಾಸ್ತರ, ಔರಾದ

ಹಾಗಾದರೆ ಮಾತನ್ನು ಹೀಗೆ ತಿರುಗಿಸಬಹುದೇ? "ಯಾರಿಗೂ ಹೇಳುವುದಿಲ್ಲ" ಬೇಡ. "ನಿನ್ನನ್ನು ಬೈಯುವುದಿಲ್ಲ. ನಿನಗೆ ತಿಳಿಸದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಶಾಲೆ ಬಿಡಿಸಲು ಬಂದರೆ ನಿನ್ನ ಮನೆಗೆ ನಾನು ಬರುತ್ತೇನೆ." ಮೂರನೆಯದು ಕಷ್ಟದ ಮಾತು, ಹೇಳುವ ಮೊದಲು ಮುಖ್ಯಗುರುಗಳನ್ನೂ ಎಸ್‌ಡಿಎಂಸಿಯವರನ್ನೂ (ಶಾಲಾಭಿವೃದ್ಧಿ ಸಮಿತಿಯವರನ್ನೂ) ಒಪ್ಪಿಸಿ. ಒಬ್ಬರೇ ಹೋಗಬೇಡಿ.

ತೊಗರಿ ಹೊಲ, ಸೇಡಂ

ಮನೆಗೆ ಬಂದು ಹೇಳಿದರೆ ಅಪ್ಪಂದಿರು ಕೇಳುತ್ತಾರೆ ಅಂತೀರಾ ಮಾಸ್ತರರೇ? ನಾನು ಕೇಳುತ್ತಿದ್ದೆನೇ? ಗೊತ್ತಿಲ್ಲ. ಬಹುಶಃ ಮಾಸ್ತರರು ಬಂದರೆ ಕೂರಿಸಿ ಚಹಾ ಕೊಡುತ್ತಿದ್ದೆ. ಚಹಾ ಕುಡಿಯುವಷ್ಟು ಹೊತ್ತಾದರೂ ಸಿಟ್ಟು ಇಳಿಯುತ್ತಿತ್ತು.

ಭೀಮಾತೀರದ ಶಿಕ್ಷಕಿ, ಯಾದಗಿರಿ ಜಿಲ್ಲೆ

ಶನಿವಾರದ ವರದಿ ಒಪ್ಪಿಸುತ್ತೇನೆ. ಗಣಿತದವರು ನಿಜವಾಗಿಯೂ ಅವಧಿ ಕೇಳಿದರು. ಕೊಡಲಿಲ್ಲ.

ಮಾಸ್ತರರ ಮೂರು ಮಾತುಗಳನ್ನೇ ಹೇಳಿದೆ. ಪೊಲೀಸರ ವಿಷಯವನ್ನೂ ಮುಚ್ಚಿಡಲಿಲ್ಲ. ಖಾಕಿ ಇಲ್ಲದೆ, ಮನೆಯಲ್ಲೇ, ಮಹಿಳಾ ಅಧಿಕಾರಿ ಎಂದಾಗ ಹಿಂದಿನ ಸಾಲಿನ ಹುಡುಗಿಯರು ತಲೆ ಎತ್ತಿದರು. 1930, 1098 ಎರಡನ್ನೂ ವಿಜ್ಞಾನ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಬರೆಸಿದೆ. ನೋಟ್‌ಬುಕ್ ವರ್ಷ ಮುಗಿಯುವ ಮೊದಲೇ ಹರಿಯುತ್ತದೆ. ಮುರ್ಕಿಯ ಕಥೆ ಹೇಳಲು ಹೊತ್ತು ಸಾಲಲಿಲ್ಲ, ಮುಂದಿನ ವಾರಕ್ಕೆ ಇಟ್ಟಿದ್ದೇನೆ.

ಆಮೇಲೆ ಆಗಿದ್ದು ನಾನು ಯೋಚಿಸಿರದ ವಿಷಯ. ಬೇರೆಯವರ ಫೋಟೊ ಹಾಕುವ ಮೊದಲು ಅವರನ್ನು ಕೇಳಬೇಕು ಎಂದು ಹೇಳುತ್ತಿದ್ದೆ. ಮೂರನೇ ಬೆಂಚಿನ ಹುಡುಗ ಎದ್ದು ನಿಂತು, "ಮೇಡಂ, ನಾವು ಮೊಟ್ಟೆ ತಿನ್ನುವ ಫೋಟೊವನ್ನು ನೀವು ಸ್ಟೇಟಸ್‌ಗೆ ಹಾಕಿದ್ದಿರಲ್ಲ, ನಮ್ಮನ್ನು ಕೇಳಿದ್ದಿರಾ?" ಎಂದ. ತರಗತಿ ಗೊಳ್ಳೆಂದಿತು. ನಾನು ನಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡುವುದು ಶುರುವಾದ ದಿನದಿಂದ ಎಷ್ಟು ಫೋಟೊ ತೆಗೆದಿದ್ದೇನೋ ಲೆಕ್ಕವಿಲ್ಲ. ಬಾಯಿ ತೆರೆದ ಮುಖಗಳು, ಶಾಲೆಯ ಹೆಸರಿನ ಫಲಕದ ಸಮೇತ. ಕಳೆದ ವರ್ಷದ ಆ ಹುಡುಗಿಯ ಸೀರೆಯ ಫೋಟೊ ತೆಗೆದುಕೊಟ್ಟವಳೂ ನಾನೇ. ಇದನ್ನು ಮೊದಲ ದಿನ ಇಲ್ಲಿ ಬರೆಯಲಿಲ್ಲ, ಕ್ಷಮಿಸಿ.

ಅವರ ಮುಂದೆಯೇ ಫೋನ್ ತೆಗೆದು ಸ್ಟೇಟಸ್‌ನಲ್ಲಿ ಉಳಿದಿದ್ದನ್ನು ಅಳಿಸಿದೆ. ಮೇಲಧಿಕಾರಿಗಳಿಗೆ ದಾಖಲೆ ಬೇಕೆಂದರೆ ಇನ್ನು ಮುಂದೆ ತಟ್ಟೆಯ ಫೋಟೊ ಹೋಗುತ್ತದೆ, ಇಲ್ಲವೇ ಹಿಂದಿನಿಂದ ತೆಗೆದ ಸಾಲು.

ಚಾಕ್‌ಪೀಸು, ಚಿಂಚೋಳಿ

ತಟ್ಟೆಯ ಫೋಟೊ ಕಳುಹಿಸಿದರೆ "ಮಕ್ಕಳು ಎಲ್ಲಿ?" ಎಂದು ಕೇಳುತ್ತಾರೆ, ಸಿದ್ಧವಾಗಿರಿ. ಕೇಳಿದಾಗ ಏನು ಉತ್ತರ ಕೊಟ್ಟಿರಿ ಎಂದು ನಮಗೂ ತಿಳಿಸಿ, ನಕಲು ಹೊಡೆಯುತ್ತೇನೆ.

ಜೆರಾಕ್ಸ್ ಅಂಗಡಿ, ಭಾಲ್ಕಿ

ನಾನೂ ಅಂಗಡಿಯಲ್ಲಿ ಚೀಟಿ ಅಂಟಿಸಿದೆ: "ಪ್ರಿಂಟ್ ಆದ ಮೇಲೆ ನಿಮ್ಮ ಫೈಲ್ ಅಳಿಸಿ ಎಂದು ಕೇಳಿ." ಮೊದಲ ದಿನವೇ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಅಳಿಸಿದೆ. "ಕಸದ ಬುಟ್ಟಿಯಿಂದಲೂ ಅಳಿಸಿ ಅಂಕಲ್" ಎಂದಳು.

ತೊಗರಿ ಹೊಲ, ಸೇಡಂ

ಇಷ್ಟೆಲ್ಲ ಓದಿ ಈಗ ಪೆಟ್ಟಿಗೆ ತೆರೆದೆ. ಫೋನ್ ಇದೆ. ಸಿಮ್ ಇಲ್ಲ.

ಪಕ್ಕದ ಕೋಣೆಯಲ್ಲಿ ಊಟ ಮಾಡುತ್ತಿದ್ದಾನೆ. ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಎದ್ದಿದ್ದೆ, ಮತ್ತೆ ಕೂತೆ. ಹೇಗೆ ಶುರು ಮಾಡಲಿ ಮೇಡಂ?

ಕೊನೆಯ ಬೆಂಚು, ಕಲಬುರಗಿ

ಊಟ ಮುಗಿಯಲಿ ಕಾಕಾ.